ಕಾಂಪೌಂಡಿನಾಚೆಯ ಕಡಲು

ಚೆನ್ನೈನ ಶೋಳಿಂಗನಲ್ಲೂರ್ ಸಿಗ್ನಲ್‌ನಲ್ಲಿ ಐ.ಟಿ. ಕಂಪನಿಗಳ ಗಾಜಿನ ಕಟ್ಟಡಗಳಿಗೆ ಬೆನ್ನು ಹಾಕಿ ಪೂರ್ವಕ್ಕೆ ಹೊರಟರೆ ಬಕಿಂಗ್‌ಹ್ಯಾಂ ಕಾಲುವೆ ಸಿಗುತ್ತದೆ. ಅದನ್ನು ದಾಟಿದರೆ ಅಕ್ಕರೈ, ಈಸ್ಟ್ ಕೋಸ್ಟ್ ರಸ್ತೆ. ಸಮುದ್ರ ಅಲ್ಲೇ ಇದೆ, ಆದರೆ ರಸ್ತೆಯಿಂದ ಕಾಣುವುದೇ ಅಪರೂಪ. ಬಂಗಲೆ, ರೆಸಾರ್ಟ್, ಮನರಂಜನಾ ಪಾರ್ಕುಗಳ ಕಾಂಪೌಂಡು ಅಡ್ಡ ನಿಂತಿದೆ. ಕರ್ನಾಟಕದ ಕರಾವಳಿಯಲ್ಲಿ ಬೀಚ್ ಪ್ರವಾಸೋದ್ಯಮದ ಮಾತು ಜೋರಾಗಿರುವಾಗ ನಾವು ಈ ರಸ್ತೆಯನ್ನು ಸರಿಯಾಗಿ ನೋಡಬೇಕು.

ಇಲ್ಲಿಯ ಹೆಗ್ಗುರುತುಗಳಲ್ಲಿ ನನಗೆ ದೊಡ್ಡದೆನಿಸುವುದು ಪಕ್ಕದ ಇಂಜಂಬಾಕ್ಕಂನ ಚೋಳಮಂಡಲ ಕಲಾವಿದರ ಗ್ರಾಮ. ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಇದನ್ನು ಕಟ್ಟಿದರು. ಸರ್ಕಾರದ ಮುಂದೆ ಕೈಚಾಚಲಿಲ್ಲ. ಬಾಟಿಕ್ ಮತ್ತಿತರ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಆ ದುಡಿಮೆಯ ಬಲದಿಂದ ಮರಳುನೆಲ ಕೊಂಡು, ಮನೆ ಕಟ್ಟಿ, ಚಿತ್ರ ಬರೆದರು. ಸ್ಥಾಪಕರಲ್ಲಿ ಒಬ್ಬರು ಮೈಸೂರಿನ ಎಸ್.ಜಿ. ವಾಸುದೇವ್. 1970ರ ‘ಸಂಸ್ಕಾರ’ ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರೂ ಅವರೇ. ಕನ್ನಡದ ಹೊಸ ಅಲೆಯ ಸಿನಿಮಾಕ್ಕೆ ಮದರಾಸಿನ ಈ ಮರಳ ದಿಬ್ಬದ ಋಣವೂ ಇದೆಯೆಂಬುದನ್ನು ನಾವು ಸಾಕಷ್ಟು ನೆನೆದಿಲ್ಲ.

ದಕ್ಷಿಣಕ್ಕೆ ಹೋದರೆ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯ. ಇಳಕಲ್ಲಿನ ನೇಕಾರರ ಮನೆ, ಚಿಕ್ಕಮಗಳೂರಿನ ಮನೆ ಅಲ್ಲಿವೆ. ಇನ್ನೂ ಮುಂದೆ ಕೋವಳಂ: 1752ರಲ್ಲಿ ರಾಬರ್ಟ್ ಕ್ಲೈವ್ ಫ್ರೆಂಚರಿಂದ ಕಿತ್ತುಕೊಂಡ ಕೋಟೆಯಿದ್ದ ಊರು. ಇಂದು ಅಲ್ಲಿ ಐಷಾರಾಮಿ ರೆಸಾರ್ಟ್ ಇದೆ.

ರೆಸಾರ್ಟುಗಳಿಂದ ಕೆಲಸ ಸಿಗುತ್ತದೆ, ಹಣ ಬರುತ್ತದೆ. ಇದನ್ನು ಅಲ್ಲಗಳೆಯುವುದು ಬೇಡ. ಆದರೆ ಇಲ್ಲಿ ರಸ್ತೆ ಸುಧಾರಿಸಿ ನೆಲದ ಬೆಲೆ ಏರಿದಂತೆ ಕಡಲಿಗೆ ಹೋಗುವ ದಾರಿಗಳು ಗೇಟುಗಳ ಹಿಂದೆ ಸೇರಿಹೋದವು. ಕುಪ್ಪಂ ಎನ್ನುವ ಮೀನುಗಾರರ ಕೇರಿಗಳು ಎರಡು ಗೋಡೆಗಳ ನಡುವೆ ಇಕ್ಕಟ್ಟಾದವು. ದೋಣಿ ಎಳೆದಿಡಲು, ಬಲೆ ಹೆಣೆಯಲು, ಮೀನು ಒಣಹಾಕಲು ಬೇಕಾದ ಮರಳು ಯಾರ ಹೆಸರಿನ ಪತ್ರದಲ್ಲೂ ಇರುವುದಿಲ್ಲ. ಹಾಗಾಗಿ ಮೊದಲು ಕೈತಪ್ಪುವುದು ಅದೇ.

ಸುಮಾರು 320 ಕಿಲೋಮೀಟರ್ ಉದ್ದದ ನಮ್ಮ ಕರಾವಳಿಯಲ್ಲಿ ಆ ಮರಳು ಇನ್ನೂ ಬಹಳ ಕಡೆ ಉಳಿದಿದೆ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವವರು ದಡದುದ್ದ ಸಾಲಾಗಿ ನಿಲ್ಲಬೇಕು. ಅದಕ್ಕೆ ತೆರೆದ ದಡವೇ ಬೇಕು. 2020ರಲ್ಲಿ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಬಂತು, ಮರುವರ್ಷ ಕೋವಳಂಗೂ ಬಂತು. ಸ್ವಚ್ಛತೆಗೆ, ಸುರಕ್ಷತೆಗೆ ಸಿಗುವ ಈ ಮನ್ನಣೆ ಒಳ್ಳೆಯದೇ. ಮೀನುಗಾರನ ದಾರಿಯನ್ನು ಕಾಯುವ ಕೆಲಸ ಮಾತ್ರ ಬೇರೆಯೇ ಇದೆ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆ ಗ್ರಾಮೀಣ ಭಾಗದಲ್ಲಿ ಸಮುದ್ರದ ಉಬ್ಬರರೇಖೆಯಿಂದ 200 ಮೀಟರ್ ಜಾಗವನ್ನು ನಿರ್ಮಾಣನಿಷಿದ್ಧ ಎಂದಿತ್ತು. 2019ರ ಅಧಿಸೂಚನೆ ಜನದಟ್ಟಣೆಯ ಗ್ರಾಮಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ದಡದ ಮೇಲೆ ಒತ್ತಡ ಹೆಚ್ಚುವುದು ಖಚಿತ.

ಆದ್ದರಿಂದ ಹೊಸ ರೆಸಾರ್ಟಿಗೆ ಅನುಮತಿ ಕೊಡುವ ಮೊದಲೇ ಪ್ರತಿ ಕಡಲತಡಿಯ ಪಂಚಾಯಿತಿ ಸಮುದ್ರಕ್ಕಿಳಿಯುವ ಕಾಲುದಾರಿ, ದೋಣಿ ನಿಲ್ಲುವ ಜಾಗ, ಮೀನು ಒಣಗಿಸುವ ಬಯಲುಗಳನ್ನು ಮೀನುಗಾರ ಸಮುದಾಯಗಳಾದ ಮೊಗವೀರರನ್ನು, ಖಾರ್ವಿಗಳನ್ನು ಜೊತೆಗೆ ಕರೆದುಕೊಂಡು ಅಳೆದು ನಕ್ಷೆಯಲ್ಲಿ ಸೇರಿಸಬೇಕು. ಆ ಜಾಗಕ್ಕೆ ಬೇಲಿ ಹಾಕಿದವರ ಪರವಾನಗಿ ರದ್ದಾಗುವ ಷರತ್ತನ್ನು ಅನುಮತಿ ಪತ್ರದಲ್ಲೇ ಬರೆಯಬೇಕು.