ಹಾಳು ಜಾಗದ ಜಮಾ-ಖರ್ಚು



ಸೋಲಾಪುರದಲ್ಲಿ ನಮ್ಮ ಗೋದಾಮಿನ ಹಿಂದೆ ಎರಡು ಗುಂಟೆ ಜಾಗ ಬಹಳ ವರ್ಷ ಹಾಳು ಬಿದ್ದಿತ್ತು. ಕಾಂಗ್ರೆಸ್ ಕಸ, ಎಕ್ಕೆಗಿಡ, ಒಡೆದ ಫರಸಿ, ಹರಿದ ಚೀಲ. ಓಣಿಯವರು ಕಸ ಚೆಲ್ಲುತ್ತಿದ್ದುದೂ ಅಲ್ಲಿಯೇ. ವ್ಯಾಪಾರಿ ಮಿತ್ರರೊಬ್ಬರು ಅದನ್ನು ಬಾಡಿಗೆಗೆ ಕೇಳಿದ್ದರು. ಮೇಲೆ ಪತ್ರಾ ಹೊದಿಸಿದರೆ ಎಷ್ಟು ಬಂದೀತೆಂದು ನಾನೂ ಲೆಕ್ಕ ಹಾಕಿ ಇಟ್ಟಿದ್ದೆ.

ಆ ದಿನಗಳಲ್ಲಿ ಮುಂಬಯಿಗೆ ಹೋದಾಗ ತಂಗಿಯ ಮಗ ಮಾಹೀಮಿನ ಮಹಾರಾಷ್ಟ್ರ ನಿಸರ್ಗ ಉದ್ಯಾನಕ್ಕೆ ಕರೆದೊಯ್ದ. ಧಾರಾವಿಯ ಮಗ್ಗುಲಲ್ಲಿ, ಮೀಠಿ ನದಿಯ ದಂಡೆಗಿರುವ 37 ಎಕರೆ ಅದು. 1970ರ ದಶಕದಲ್ಲಿ ಅಲ್ಲಿ ಶಹರದ ಕಸ ಸುರಿಯುತ್ತಿದ್ದರು. 1983ರಲ್ಲಿ ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿಯವರ ಕೈಯಿಂದ ಮೊದಲ ಗಿಡ ನೆಡಿಸಿದರು. 1994ರಲ್ಲಿ ಉದ್ಯಾನವನ್ನು ಜನರಿಗೆ ತೆರೆದರು. ನಾನು ಹೋದ ದಿನ ಶಾಲೆಯ ಮಕ್ಕಳು ಸಾಲಾಗಿ ನಿಂತು ಚಿಟ್ಟೆ ಎಣಿಸುತ್ತಿದ್ದರು. ಕಸದ ಮೇಲೆ ಕಾಡು ಎದ್ದೀತಾದರೆ ನಮ್ಮ ಎರಡು ಗುಂಟೆಯ ಪಾಡೇನು ಎನಿಸಿತು.

ಊರಿಗೆ ಬಂದು ನಮ್ಮ ಓಣಿಯ ಕನ್ನಡ ಶಾಲೆಯ ಬಾಯಿಯವರಿಗೆ ವಿಷಯ ತಿಳಿಸಿದೆ. ಪ್ರತಿ ಶನಿವಾರ ಇಪ್ಪತ್ತು ಮಕ್ಕಳು ಬರತೊಡಗಿದರು. ಗಾಜು, ತಗಡು ಆರಿಸುವ ಕೆಲಸವನ್ನೂ ಕಾಂಗ್ರೆಸ್ ಕಸ ಕೀಳುವ ಕೆಲಸವನ್ನೂ ಹಮಾಲರು ಮಾಡಿದರು. ಆ ಕಸ ಮೈಗೆ ತಗುಲಿದರೆ ತುರಿಕೆ ಏಳುತ್ತದೆ, ಮಕ್ಕಳ ಕೈಗೆ ಕೊಡಬಾರದು. ಮಕ್ಕಳು ಬೇವು, ಹೊಂಗೆ, ನಿಂಬೆ, ಕರಿಬೇವು ಹಚ್ಚಿದರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ತೋಟವೆಂದರೆ ಚೊಕ್ಕ ಇರಬೇಕೆಂದು ಒಂದು ದಿನ ಎಕ್ಕೆಗಿಡಗಳನ್ನೆಲ್ಲ ಕಡಿಸಿ, ಒಣ ಎಲೆಯೊಡನೆ ಗುಡ್ಡೆ ಹಾಕಿಸಿ ಬೆಂಕಿ ಹಚ್ಚಿಸಿದೆ. ಶನಿವಾರ ಬಂದ ಮೊಮ್ಮಗಳು, “ಅಜ್ಜಾ, ಆ ಎಲಿ ಮ್ಯಾಲೆ ಪಟ್ಟಿಪಟ್ಟಿ ಹುಳ ಇದ್ದವಲ್ಲ, ಎಲ್ಲಿ ಹೋದವು?” ಎಂದಳು. ಅವು ಚಿಟ್ಟೆಯ ಮರಿಗಳು, ಎಕ್ಕೆಯ ಎಲೆಯೇ ಅವುಗಳ ಊಟ ಎಂದು ಬಾಯಿಯವರು ತಿಳಿಸಿದರು. ಹುಳಹುಪ್ಪಟೆ ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಉಣ್ಣುವವನು ನಾನು. ಅಂದು ತಾಟಿನ ಮುಂದೆ ಕುಳಿತೆ, ತುತ್ತು ಇಳಿಯಲಿಲ್ಲ.

ಎಕ್ಕೆ ಹಟದ ಗಿಡ. ಮಳೆ ಬಿದ್ದೊಡನೆ ಮೋಟಿನಿಂದ ಮತ್ತೆ ಚಿಗುರಿತು, ಚಿಟ್ಟೆಯೂ ಬಂದು ತತ್ತಿ ಇಟ್ಟಿತು. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಮಕ್ಕಳು ದೂರದಿಂದಲೇ ನೋಡುತ್ತಾರೆ. ನಿಂಬೆ, ಕರಿಬೇವಿಗೆ ಬೇರೊಂದು ಜಾತಿಯ ಚಿಟ್ಟೆ ಬರುತ್ತದೆ. ಅದರ ಮರಿ ಎಲೆ ತಿಂದರೆ ಔಷಧ ಹೊಡೆಯುವುದಿಲ್ಲ. ಉದುರಿದ ಎಲೆ ಸುಡುವುದಿಲ್ಲ, ಕುಣಿಯಲ್ಲಿ ಹಾಕಿ ಗೊಬ್ಬರ ಮಾಡುತ್ತೇವೆ. ಹಕ್ಕಿಗಳಿಗೆ ಅಗಲವಾದ ಮಣ್ಣಿನ ಪರಾತದಲ್ಲಿ ನೀರಿಟ್ಟಿದ್ದೇವೆ. ಜೇನುಹುಳು ಮುಳುಗದಂತೆ ನಡುವೆ ಒಂದು ಕಲ್ಲು ಇರಬೇಕು. ಸೊಳ್ಳೆ ಆಗದಂತೆ ನೀರನ್ನು ದಿನಾಲು ಬದಲಿಸಬೇಕು.

ಬಾಡಿಗೆ ಕೇಳಿದ್ದ ಮಿತ್ರರು ಮತ್ತೆ ಬಂದಿದ್ದರು. “ಶೇಠಜಿ, ಜಾಗಾ ಸುಮ್ಮ ಬಿದ್ದೈತಲ್ಲಾ?” ಎಂದರು. ಮಕ್ಕಳ ವಹಿಯನ್ನು ಅವರ ಕೈಗೆ ಕೊಟ್ಟೆ. ಯಾವ ಶನಿವಾರ ಯಾವ ಹಕ್ಕಿ ಬಂತು, ಎಷ್ಟು ಚಿಟ್ಟೆ ಕಂಡವು ಎಂಬುದೆಲ್ಲ ತಾರೀಖಿನೊಂದಿಗೆ ಅದರಲ್ಲಿದೆ. ಅವರು ಬಹಳ ಹೊತ್ತು ಓದಿ, ಚಹಾ ಕುಡಿದು, ಬಾಡಿಗೆಯ ಮಾತು ಎತ್ತದೆ ಹೋದರು. ಬಾಡಿಗೆ ತಪ್ಪಿದ್ದು ನಿಜ, ಅದನ್ನು ನಮ್ಮ ಖರ್ಚಿನ ಬದಿಗೇ ಬರೆದಿದ್ದೇನೆ. ಜಮಾದ ಬದಿ ಮಕ್ಕಳು ಬರೆಯುತ್ತಿದ್ದಾರೆ.

ಅಕ್ಕಲಕೋಟೆ, ಜತ್ತ, ಆದೋನಿಗಳಲ್ಲಿ ನಮ್ಮವರ ಎಷ್ಟೋ ಜಾಗಗಳು ಬೀಗ ಜಡಿದು ಬಿದ್ದಿವೆ. ಮಾರುವ ದಿನ ಬಂದಾಗ ಮಾರಿರಿ, ಬೇಡವೆನ್ನುವುದಿಲ್ಲ. ಅಲ್ಲಿಯವರೆಗೆ ಬೀಗದ ಕೈಯನ್ನು ಹತ್ತಿರದ ಶಾಲೆಯ ಮಕ್ಕಳಿಗೆ ಕೊಟ್ಟು ನೋಡಿರಿ.