ಮಕ್ಕಳು ಪಾಲಿಗೆ ಬೀಳುವ ಆಸ್ತಿಯಲ್ಲ



ಗಂಡ ಹೆಂಡತಿ ಬೇರೆಯಾದರೆ ಮಕ್ಕಳು ಹಾಳಾಗುತ್ತಾರೆ ಎಂಬ ಮಾತನ್ನು ಹಿರಿಯರು ಶಾಸನದಂತೆ ನುಡಿಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮಕ್ಕಳನ್ನು ಹಾಳುಮಾಡುವುದು ವಿಚ್ಛೇದನವಲ್ಲ, ಅವರನ್ನು ತಂತಮ್ಮ ಪಕ್ಷಕ್ಕೆ ಎಳೆದುಕೊಳ್ಳುವ ತಂದೆತಾಯಿಯರ ಅಹಂಕಾರ. ಇದಕ್ಕೆ ಸಾಕ್ಷಿಯಾಗಿ ಒಂದು ಚಲನಚಿತ್ರವನ್ನು ಮುಂದಿಡುತ್ತೇನೆ.

ಅಮೆರಿಕದ ನೋವಾ ಬಾಂಬ್ಯಾಕ್ 2005ರಲ್ಲಿ ‘ದಿ ಸ್ಕ್ವಿಡ್ ಅಂಡ್ ದಿ ವೇಲ್’ ಎಂಬ ಚಿತ್ರ ಮಾಡಿದರು. ದೊಡ್ಡ ಸ್ಟುಡಿಯೊಗಳ ಹಂಗಿಲ್ಲದೆ, ಕಡಿಮೆ ಹಣದಲ್ಲಿ, ತಮ್ಮ ತಂದೆತಾಯಿ ಬೇರೆಯಾದ ಅನುಭವವನ್ನೇ ಆಧರಿಸಿ ಮಾಡಿದ ಚಿತ್ರವಿದು. ಸನ್‌ಡಾನ್ಸ್ ಉತ್ಸವದಲ್ಲಿ ನಿರ್ದೇಶನಕ್ಕೂ ಚಿತ್ರಕಥೆಗೂ ಪ್ರಶಸ್ತಿ ಪಡೆಯಿತು.

ಕಥೆ ನಡೆಯುವುದು 1986ರ ಬ್ರೂಕ್ಲಿನ್‌ನಲ್ಲಿ. ತಂದೆ ಬರ್ನಾರ್ಡ್ ಹೆಸರು ಮಾಸುತ್ತಿರುವ ಕಾದಂಬರಿಕಾರ. ತಾಯಿ ಜೋನ್ ಆಗತಾನೇ ಹೆಸರು ಪಡೆಯುತ್ತಿರುವ ಲೇಖಕಿ. ಇಬ್ಬರೂ ಓದಿದವರು, ತಿಳಿದವರು. ಬೇರೆಯಾಗುವಾಗ ಮಾಡುವುದೇನು? ಮಕ್ಕಳ ವಾರವನ್ನೇ ಹಂಚಿಕೊಳ್ಳುತ್ತಾರೆ. ಏಳು ದಿನ ಇಬ್ಬರಿಗೆ ಸಮನಾಗದ ಕಾರಣ ಗುರುವಾರ ಒಂದು ವಾರ ಇವನಿಗೆ, ಒಂದು ವಾರ ಅವಳಿಗೆ. ಸಾಕಿದ ಬೆಕ್ಕನ್ನೂ ಬಿಡುವುದಿಲ್ಲ. ಗದ್ದೆ ಪಾಲು ಮಾಡುವವರೂ ಬದುವಿನ ಮರಕ್ಕೆ ಇಷ್ಟು ಲೆಕ್ಕ ಹಾಕಲಾರರು!

ಹಿರಿಮಗ ವಾಲ್ಟ್ ತಂದೆಯ ಪಕ್ಷ. ಅಪ್ಪನ ಅಭಿಪ್ರಾಯಗಳನ್ನೇ ತನ್ನವೆಂದು ಉರುಹೊಡೆದು, ಓದದ ಪುಸ್ತಕಗಳ ಬಗ್ಗೆಯೂ ತೀರ್ಪು ಕೊಡುತ್ತಾನೆ. ಕೊನೆಗೆ ಶಾಲೆಯ ವೇದಿಕೆಯ ಮೇಲೆ ಪ್ರಸಿದ್ಧ ತಂಡವೊಂದರ ಹಾಡನ್ನು ತಾನೇ ರಚಿಸಿದ್ದೆಂದು ಹಾಡಿ ಬಹುಮಾನವನ್ನೂ ಪಡೆಯುತ್ತಾನೆ. ಕಿರಿಯವ ಫ್ರಾಂಕ್ ತಾಯಿಯ ಕಡೆ. ಹನ್ನೆರಡರ ವಯಸ್ಸಿಗೇ ಬಿಯರ್ ಕುಡಿಯತೊಡಗುತ್ತಾನೆ. ಮನೆಯ ಸುಳ್ಳು ಶಾಲೆಯಲ್ಲಿ ಹೀಗೆ ಬಯಲಾಗುತ್ತದೆ. ನುಡಿಯಲ್ಲಿ ಸಾಹಿತ್ಯ, ನಡೆಯಲ್ಲಿ ಸ್ವಾರ್ಥ: ಅಪ್ಪನ ಈ ಬಿರುಕನ್ನು ಹಿರಿಮಗ ಚೆನ್ನಾಗಿ ಕಲಿತಿದ್ದಾನೆ.

“ಇದು ಅಮೆರಿಕದ ರೋಗ, ನಮಗೇಕೆ?” ಎನ್ನುವವರಿಗೆ ನನ್ನದೊಂದು ಉತ್ತರ. 1955ರ ಹಿಂದೂ ವಿವಾಹ ಕಾಯ್ದೆ ತನ್ನ 2ನೇ ಕಲಮಿನಲ್ಲಿ ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. 1976ರ ತಿದ್ದುಪಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ದಾರಿ ಮಾಡಿತು. ಬಾಗಿಲು ಎಂದೋ ತೆರೆದಿದೆ. ಅದನ್ನು ದಾಟುವವರ ಮಕ್ಕಳ ಬಗ್ಗೆ ನಾವಿನ್ನೂ ಮಾತಾಡಿಲ್ಲ. ಮಾತಾಡಿದ್ದೆಲ್ಲ ಮನೆತನದ ಮರ್ಯಾದೆಯ ಬಗ್ಗೆ.

“ಮಕ್ಕಳಿಗಾಗಿ ಹೊಂದಿಕೊಂಡು ಹೋಗಿ” ಎಂದು ಹೇಳಿ ಕಳಿಸುವುದೂ ಪರಿಹಾರವಲ್ಲ. ಒಂದೇ ಸೂರಿನಡಿ ವರ್ಷಗಟ್ಟಲೆ ಮಾತು ಬಿಟ್ಟವರ ನಡುವೆ ಬೆಳೆಯುವ ಮಗುವೂ ಪಕ್ಷ ವಹಿಸಲೇಬೇಕಾಗುತ್ತದೆ.

ಚಿತ್ರದ ಕೊನೆಯಲ್ಲಿ ವಾಲ್ಟ್ ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕೆ ಒಬ್ಬನೇ ಹೋಗುತ್ತಾನೆ. ತಿಮಿಂಗಿಲವೂ ದೈತ್ಯ ಸ್ಕ್ವಿಡ್ಡೂ ಕಾದಾಡುತ್ತಿರುವ ಪ್ರತಿಕೃತಿ ಅಲ್ಲಿದೆ. ಚಿಕ್ಕಂದಿನಲ್ಲಿ ಅಮ್ಮನೊಂದಿಗೆ ಬಂದಾಗ ಹೆದರಿ ಬೆರಳ ಸಂದಿಯಿಂದ ನೋಡಿದ್ದನ್ನು ಈಗ ಕಣ್ತೆರೆದು ನೋಡುತ್ತಾನೆ. ಹಿರಿಯರು ಮಾಡಬೇಕಿದ್ದ ಕೆಲಸವನ್ನು ಹುಡುಗ ಮಾಡಿದ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ರಾಜಿ ಮಾಡಿಸಲು ಕೂರುವ ಹಿರಿಯರು “ತಪ್ಪು ಯಾರದು?” ಎಂದು ಕೇಳುವ ಮೊದಲು ಮಗುವಿನ ಊಟ, ನಿದ್ದೆ, ಶಾಲೆಯ ಬಗ್ಗೆ ಕೇಳಲಿ. “ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ?” ಎಂಬ ಪ್ರಶ್ನೆಯನ್ನು ನಮ್ಮ ಜಗಲಿಗಳಲ್ಲಿ ಇನ್ನು ಯಾರೂ ಕೇಳದಿರಲಿ. ಬೇರೆಯಾಗುವವರು ಬೇರೆಯಾಗಲಿ, ಮಗುವಿನ ಮುಂದೆ ಒಬ್ಬರನ್ನೊಬ್ಬರು ಹಳಿಯದಿರಲಿ. ನಡೆನುಡಿ ಒಂದಾಗಬೇಕಾದ ಮೊದಲ ಜಾಗ ಮನೆ.