ಕಾಲಿಗೆ ತಿಳಿಯದ ಸವೆತ

ಕಾರಿನ ಬ್ರೇಕನ್ನು ಯಾವಾಗ ತೋರಿಸಬೇಕು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ‘ಸದ್ದು ಬಂದಾಗ’, ಇಲ್ಲವೇ ‘ಸರಿಯಾಗಿ ಹಿಡಿಯದಿದ್ದಾಗ’. ಎರಡೂ ಉತ್ತರಗಳ ಹಿಂದೆ ಇರುವುದು ಒಂದೇ ನಂಬಿಕೆ: ದಿನವೂ ಓಡಿಸುವ ನನಗೆ ಗಾಡಿ ಕೆಟ್ಟರೆ ಗೊತ್ತಾಗದೆ ಇರುತ್ತದೆಯೇ? ಆ ನಂಬಿಕೆ ತಪ್ಪು ಎಂಬುದು ನನ್ನ ವಾದ. ದಿನವೂ ಓಡಿಸುವವನಿಗೇ ಅದು ಎಲ್ಲರಿಗಿಂತ ತಡವಾಗಿ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಆಗುಂಬೆಯಲ್ಲಿ ಚಹಾ ಕುಡಿದ ಮೇಲೆ ತಮ್ಮ ಸ್ಟೀರಿಂಗ್ ಹಿಡಿದ. ನೂರು ಮಾರು ಹೋಗಿರಲಿಲ್ಲ, ಗಾಡಿಯನ್ನು ಬದಿಗೆ ನಿಲ್ಲಿಸಿದ. “ಅಣ್ಣಾ, ಪೆಡಲ್ ಇಷ್ಟು ಕೆಳಗೆ ಹೋಗ್ತದಲ್ಲ, ಹ್ಯಾಗೆ ಓಡಿಸ್ತಿದ್ದೆ?” ನನಗೆ ಅವನ ಪ್ರಶ್ನೆಯೇ ಅರ್ಥವಾಗಲಿಲ್ಲ. ಘಾಟಿ ಇಳಿಯದೆ ಹಿಂದಿರುಗಿ ಚಕ್ರ ಬಿಚ್ಚಿಸಿದೆವು. ಹಿಂದಿನ ಡ್ರಮ್ಮಿನೊಳಗೆ ಶೂ ಸವೆದಿತ್ತು. ಸವೆದಂತೆಲ್ಲ ಅದನ್ನು ಹತ್ತಿರಕ್ಕೆ ಸರಿಸಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿತ್ತು. ಮುಂದಿನ ಪ್ಯಾಡುಗಳಲ್ಲಿ ಉಳಿದಿದ್ದದ್ದು ಎರಡು ಮಿಲಿಮೀಟರ್. ಮುಂದೆ ಇದ್ದದ್ದು ಹದಿನಾಲ್ಕು ಹಿಮ್ಮುರಿ ತಿರುವುಗಳು.

ಅಷ್ಟು ತಿಂಗಳು ನನಗೇಕೆ ತಿಳಿಯಲಿಲ್ಲ? ಸವೆತ ಒಂದೇ ದಿನ ಆಗುವುದಿಲ್ಲ. ಪೆಡಲ್ ಇಂದು ಕೂದಲೆಳೆಯಷ್ಟು ಕೆಳಗೆ ಹೋದರೆ ಕಾಲು ನಾಳೆ ಅಷ್ಟೇ ಹೆಚ್ಚು ಒತ್ತುತ್ತದೆ, ಮುಂದಿನ ವಾಹನದಿಂದ ನಾವೇ ತುಸು ದೂರ ಉಳಿಯುತ್ತೇವೆ. ಮನಸ್ಸಿಗೆ ಸುದ್ದಿ ಮುಟ್ಟದಂತೆ ದೇಹ ಹೊಂದಿಕೊಂಡುಬಿಡುತ್ತದೆ. ಪೇಟೆಯ ಮೂವತ್ತು ಕಿಲೋಮೀಟರ್ ವೇಗದಲ್ಲಿ ಈ ಹೊಂದಾಣಿಕೆ ನಡೆದೀತು. ಆದರೆ ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಹೆದ್ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಹೊಂದಿಕೊಳ್ಳಲು ಕಾಲಿಗೆ ಜಾಗವೇ ಉಳಿದಿರುವುದಿಲ್ಲ.

ಹಾಗೆಂದು ಲಕ್ಷಣಗಳನ್ನು ನಾನು ತಳ್ಳಿಹಾಕುವುದಿಲ್ಲ. ಬ್ರೇಕ್ ಒತ್ತಿದಾಗ ಕೀಚಲು ದನಿ ಬಂದರೆ ಅದನ್ನು ಕೇಳಬೇಕು. ಅನೇಕ ಪ್ಯಾಡುಗಳಲ್ಲಿ ಸವೆತ ಮಿತಿ ಮುಟ್ಟಿದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಒಂದು ತಗಡಿನ ತುಂಡು ಇರುತ್ತದೆ. ಮಳೆಗಾಲದ ಬೆಳಿಗ್ಗೆ ಮೊದಲ ನಾಲ್ಕಾರು ಒತ್ತಿಗೆ ಬರುವ ಸದ್ದು ಬೇರೆ, ಅದು ರಾತ್ರಿ ಡಿಸ್ಕಿನ ಮೇಲೆ ಕೂತ ತುಕ್ಕು, ತಾನೇ ಹೋಗುತ್ತದೆ. ಕರಕರ ಉಜ್ಜುವ ಸದ್ದಾದರೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತಿದೆ ಎಂದರ್ಥ, ಆಗ ತಡಮಾಡುವಂತಿಲ್ಲ. ಗಾಡಿ ಒಂದು ಬದಿಗೆ ಎಳೆಯುವುದು, ಪೆಡಲ್ ನಡುಗುವುದು, ಸ್ಪಂಜಿನಂತೆ ಮೆತ್ತಗಾಗುವುದು, ಬ್ರೇಕಿನ ಕೆಂಪು ದೀಪ ಆರದಿರುವುದು, ಇವೂ ಹಾಗೆಯೇ. ಆದರೆ ಇವೆಲ್ಲ ಕೆಲಸ ಕೆಟ್ಟ ಮೇಲೆ ಬರುವ ದೂರುಗಳು.

ಕೆಲವು ಕೆಡುಕುಗಳಂತೂ ದೂರನ್ನೂ ಕೊಡುವುದಿಲ್ಲ. ಬ್ರೇಕ್ ಆಯಿಲನ್ನೇ ನೋಡಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ನೀರು ಹೀರಿದ ಮೇಲೆ ಅದೇ ಮಾನದಂಡ ಇಳಿಯುವುದು 155ಕ್ಕೆ. ಊರಿನೊಳಗೆ ಓಡಾಡುವಾಗ ಈ ವ್ಯತ್ಯಾಸ ಯಾರಿಗೂ ಗೊತ್ತಾಗದು. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗೇರ್ ಇಳಿಸದೆ ಬ್ರೇಕ್ ಮೇಲೇ ಕಾಲಿಟ್ಟು ಇಳಿಯುವಾಗ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ, ಆಗ ಪೆಡಲ್ ನೆಲ ಮುಟ್ಟುತ್ತದೆ. ಅದೇ ಮೊದಲ ಲಕ್ಷಣ, ಅದೇ ಕೊನೆಯದೂ. ಈ ಕಾರಣಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುತ್ತಾರೆ. ಗಾಡಿ ಓಡಿದ್ದು ಕಡಿಮೆಯಾದರೂ ಸರಿ.

‘ಗ್ಯಾರೇಜಿಗೆ ಹೋದರೆ ಚೆನ್ನಾಗಿರುವುದನ್ನೂ ಬದಲಿಸಿ ಬಿಲ್ ಮಾಡುತ್ತಾರೆ’ ಎಂಬ ದೂರಿದೆ. ಅದು ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಹೋಗದೆ ಇರುವುದಲ್ಲ, ಅಳತೆ ಕೇಳುವುದು. ಹೊಸ ಪ್ಯಾಡು ಸುಮಾರು ಹತ್ತು ಮಿಲಿಮೀಟರ್ ದಪ್ಪವಿರುತ್ತದೆ, ಮೂರಕ್ಕೆ ಇಳಿದರೆ ಬದಲಿಸುವ ಕಾಲ. ಈ ಎರಡು ಅಂಕಿ ಗೊತ್ತಿದ್ದವನನ್ನು ಮೋಸ ಮಾಡುವುದು ಸುಲಭವಲ್ಲ.

ಸರ್ಕಾರವೂ ಇಲ್ಲಿ ನಮ್ಮ ಕಾಲನ್ನೇ ನಂಬಿ ಕೂತಿದೆ. ಹಳದಿ ಬೋರ್ಡಿನ ಟ್ಯಾಕ್ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಬಿಳಿ ಬೋರ್ಡಿನ ಸ್ವಂತ ಕಾರನ್ನು ಹದಿನೈದು ವರ್ಷ ಯಾರೂ ಕೇಳುವುದಿಲ್ಲ. ಹೊಗೆ ತಪಾಸಣೆಯ ಚೀಟಿ ಇಲ್ಲದಿದ್ದರೆ ದಂಡ. ಬ್ರೇಕಿನ ಚೀಟಿ ಎಂಬುದೇ ಇಲ್ಲ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಬ್ರೇಕ್ ಸಹಿತ ಪರೀಕ್ಷೆ ಕಡ್ಡಾಯ. ನಮ್ಮಲ್ಲೂ ಅಂಥದೊಂದು ಬರಬೇಕು. ಸ್ವಂತ ಕಾರಿನ ಮುಂದೆ ರಸ್ತೆ ದಾಟುವವರ ಜೀವ ಕಾರಿನವನ ಸ್ವಂತದ್ದಲ್ಲ.

ಕಾನೂನು ಬರುವವರೆಗೆ ಒಂದು ಮಾತು. ಸುಮಾರು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳನ್ನು ಹಿಂದೆಮುಂದೆ ಮಾಡಿಸುತ್ತೀರಲ್ಲ, ಆಗ ಹೇಗೂ ಚಕ್ರ ಬಿಚ್ಚಿರುತ್ತಾರೆ. ದೂರ ಕೂತು ಮೊಬೈಲ್ ನೋಡಬೇಡಿ. ಹತ್ತಿರ ಹೋಗಿ ಪ್ಯಾಡ್ ಎಷ್ಟು ಉಳಿದಿದೆ ಎಂದು ಕೇಳಿ, ಹಿಂದಿನ ಡ್ರಮ್ಮನ್ನೂ ತೆರೆಸಿ, ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿ.